ಮೂರು ಮೀಟರ್ ತಂತಿ

೨೫ ಏಪ್ರಿಲ್ ೨೦೧೪, ಶುಕ್ರವಾರ. ಅಬುಧಾಬಿ

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ. ಗಂಡ ಸ್ಟೀಫನ್ ಓದಿದ್ದು ಬೊಂಬಾಯಿಯಲ್ಲಿ, ಇಂಗ್ಲಿಷಿನಲ್ಲಿ. ಮಗಳು ಆನ್ ಮರಿಯಾ ಹುಟ್ಟಿದ್ದೇ ಇಲ್ಲಿ. ಬಂಟ್ವಾಳದ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಮನೆಮಾತು ಕೊಂಕಣಿಯಾದರೂ ಹೆದರಿಕೆಯನ್ನು ಬರೆದಿಡಲು ನನಗೆ ಕನ್ನಡವೇ ಭದ್ರ.

ಸ್ಟೀಫನ್‌ಗೆ ಸ್ಟ್ರೋಕ್ ಆಗಿ ಆರು ವಾರವಾಯಿತು. ಕಾಲು ಸರಿಹೋಗಿದೆ, ಬಲಗೈ ಮುಕ್ಕಾಲು ಸರಿಹೋಗಿದೆ. ಮಾತು ಮಾತ್ರ ಬಾಯಿಂದ ಹೊರಗೆ ಬರಲು ಒಪ್ಪುತ್ತಿಲ್ಲ. ದಿನಾ ಒಂದರಿಂದ ನೂರರವರೆಗೆ ಗಟ್ಟಿಯಾಗಿ ಎಣಿಸಬೇಕೆಂದು ಸ್ಪೀಚ್ ಥೆರಪಿಯವರು ಹೇಳಿದ್ದಾರೆ. ಇವರು ಒಂದು ದಿನವೂ ಎಣಿಸಿಲ್ಲ. ಬಾಯಿ ಒಂದು ಬದಿಗೆ ವಾಲುವುದನ್ನು ಮಗಳು ನೋಡುತ್ತಾಳೆ ಎಂಬ ನಾಚಿಕೆ. ಹೋಟೆಲಿನವರು ಜೂನ್ ಕೊನೆಯವರೆಗೆ ರಜೆ ಕೊಟ್ಟಿದ್ದಾರೆ. ಆಮೇಲೆ ವಾಕಿಟಾಕಿಯಲ್ಲಿ ಮಾತಾಡಲಾಗದ ಸೌಂಡ್ ಟೆಕ್ನಿಷಿಯನ್ ಅವರಿಗೆ ಯಾಕೆ? ವೀಸಾ ಕ್ಯಾನ್ಸಲ್ ಆದರೆ ಮುಂದೆ ಏನೆಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಆಟಪಾಟ ನಿಲ್ಲಿಸುವ ತಪಸ್ಸಿನ ಕಾಲ ಮುಗಿದು ಈಸ್ಟರ್ ಆಯಿತಲ್ಲ, ಇವತ್ತಿನಿಂದ ಐದನೇ ಮಾಳಿಗೆಯ ಕ್ಲಾರಾಬಾಯಿಯ ಮನೆಯಲ್ಲಿ ಮತ್ತೆ ಹೌಸಿ. ನಮ್ಮ ಬಿಲ್ಡಿಂಗಿನ ಮಂಗಳೂರಿನ ಏಳು ಮನೆಯವರು ಶುಕ್ರವಾರ ಸಂಜೆ ಕೂಡಿ ಆಡುವ ಆಟ. ಒಬ್ಬರು ಚೀಲದಿಂದ ನಂಬರ್ ತೆಗೆದು ಕೂಗುವುದು, ಉಳಿದವರು ಚೀಟಿಯಲ್ಲಿ ಅದನ್ನು ಹೊಡೆಯುತ್ತಾ ಹೋಗುವುದು. ಹಣವಿಲ್ಲ, ಬಹುಮಾನ ಟ್ಯಾಂಗ್ ಡಬ್ಬಿ, ಬಿಸ್ಕತ್ತು, ಹೆಚ್ಚೆಂದರೆ ಒಂದು ಕುಕ್ಕರ್. ಹನ್ನೊಂದು ವರ್ಷ ನಂಬರ್ ಕೂಗಿದವರು ಸ್ಟೀಫನ್. ಒಂದೊಂದು ನಂಬರಿಗೂ ಒಂದೊಂದು ತಮಾಷೆ ಸೇರಿಸಿ ಜನರನ್ನು ನಗಿಸಿ ಕಣ್ಣಲ್ಲಿ ನೀರು ತರಿಸುತ್ತಿದ್ದರು.

ಮಧ್ಯಾಹ್ನ ಕ್ಲಾರಾಬಾಯಿ ತಾವೇ ಇಳಿದು ಬಂದರು. "ಸ್ಟೀಫನ್, ನೀವು ಬಂದು ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ಕೂಗ್ಲಿಕ್ಕೆ ಬೇರೆಯವರಿದ್ದಾರೆ."

"ಬೇಡ," ಎಂದರು ಇವರು. ಇಡೀ ದಿನದಲ್ಲಿ ಆಡಿದ್ದು ಅದೊಂದೇ ಮಾತು.

೨ ಮೇ, ಶುಕ್ರವಾರ

ಇವರು ಮೂರು ದಿನದಿಂದ ಲ್ಯಾಪ್‌ಟಾಪ್ ಬಿಟ್ಟು ಏಳುತ್ತಿಲ್ಲ. ಖುಷಿಯಾಗಿದ್ದೆ. ಇವತ್ತು ಮೇಜಿನ ಮೇಲೆ ಮೂರು ಪ್ರಿಂಟ್ ಹಾಳೆ ಹರಡಿ ನನ್ನನ್ನು ಕರೆದು ಕೂರಿಸಿದರು. ಮೂರೂ ರೇಡಿಯೊ ಪ್ರಸಾರದ ಸಣ್ಣ ಯಂತ್ರಗಳು, ಅಂಗೈಯಗಲದ ಟ್ರಾನ್ಸ್‌ಮಿಟರ್‌ಗಳು. ನಮ್ಮ ರೂಮಿನಲ್ಲಿ ಕೂತು ಮೈಕಿನಲ್ಲಿ ನಂಬರ್ ಹೇಳಿದರೆ ಉಳಿದವರು ತಮ್ಮ ತಮ್ಮ ಮನೆಯ ರೇಡಿಯೊದಲ್ಲಿ ಎ.ಎಂ. ತಿರುಗಿಸಿ ಕೇಳಬಹುದಂತೆ. ಚೀಟಿ ತುಂಬಿದವರು ಒಂದು ಮಿಸ್ಡ್ ಕಾಲ್ ಕೊಡುವುದು.

ಫೋನಿನಲ್ಲೇ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಬಹುದಲ್ಲ ಎಂದು ಮಗಳು ಕೇಳಿದಳು. ಇವರು ತಲೆ ಅಲ್ಲಾಡಿಸಿ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದರು: ರೆಕಾರ್ಡ್ ಆದದ್ದು ಉಳಿಯುತ್ತದೆ, ಜನ ಮತ್ತೆ ಮತ್ತೆ ಕೇಳುತ್ತಾರೆ. ಕೆಳಗೆ ಇನ್ನೊಂದು ಸಾಲು: ರೇಡಿಯೊದಲ್ಲಿ ಮುಖ ಕಾಣುವುದಿಲ್ಲ.

ಆ ಸಾಲು ಓದಿದ ಮೇಲೆ ಬೇಡ ಎಂದು ಹೇಳುವುದು ಹೇಗೆ?

ಮೂರು ಹಾಳೆಗಳಲ್ಲಿ ಒಂದು ಚೀನಾದ್ದು, ಒಂದು ವ್ಯಾಟ್, ಇಡೀ ಬೀದಿಗೆ ಕೇಳುವಂಥದ್ದು. ಇವರೇ ಅದಕ್ಕೆ ಅಡ್ಡಗೀಟು ಹಾಕಿದ್ದರು. ಇನ್ನೊಂದು ಕರೆಂಟಿನ ವಯರಿನಲ್ಲೇ ಧ್ವನಿ ಕಳಿಸುವಂಥದ್ದು. ಬಾಡಿಗೆ ಬಿಲ್ಡಿಂಗಿನ ವಯರಿಂಗ್ ಮುಟ್ಟಲು ನಾನೇ ಬಿಡಲಿಲ್ಲ. ಉಳಿದದ್ದು ಅಮೆರಿಕದ್ದು. ನೂರು ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನ ಹತ್ತನೇ ಒಂದು ಪಾಲು. ಅದರ ಏರಿಯಲ್ ತಂತಿ ಮೂರು ಮೀಟರ್ ಮೀರಬಾರದು. ಅಷ್ಟರೊಳಗಿದ್ದರೆ ಪರವಾನಗಿ ಬೇಡ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ಇದು," ಎಂದು ಬೆರಳಿಟ್ಟು ತೋರಿಸಿದರು.

"ಅಮೆರಿಕದಲ್ಲಿ ಬೇಡ ಅಂದ್ರೆ ಇಲ್ಲಿಯೂ ಬೇಡ ಅಂತ ಯಾರು ಹೇಳಿದ್ದು?" ಎಂದೆ.

"ಮಮ್ಮಾ, ಇಟ್ಸ್ ಲೀಗಲ್. ಇಟ್ ಸೇಸ್ ಸೋ ಆನ್ ದ ಬಾಕ್ಸ್," ಎಂದಳು ಮಗಳು. ಹದಿನಾಲ್ಕು ವರ್ಷದವಳಿಗೆ ಡಬ್ಬದ ಮೇಲೆ ಬರೆದದ್ದೆಲ್ಲ ವೇದವಾಕ್ಯ.

೬ ಮೇ, ಮಂಗಳವಾರ

ಆರ್ಡರ್ ಮಾಡಿಯಾಯಿತು. ನನ್ನ ಕಾರ್ಡು, ನನ್ನ ಹೆಸರು. ಇಲ್ಲಿ ಮನೆಬಾಗಿಲಿಗೆ ಅಂಚೆ ಬರುವುದಿಲ್ಲವಾದ್ದರಿಂದ ವಿಳಾಸ ನಾನು ಕೆಲಸ ಮಾಡುವ ಆಸ್ಪತ್ರೆಯ ಪಿ.ಒ. ಬಾಕ್ಸ್. ಹದಿನಾರು ವರ್ಷ ಅಲ್ಲಿಯ ರೆಕಾರ್ಡ್ ರೂಮಿನಲ್ಲಿ ಒಂದು ಫೈಲೂ ಜಾಗ ತಪ್ಪದಂತೆ ನೋಡಿಕೊಂಡವಳು ನಾನು. ಈಗ ನಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು.

ಇಲ್ಲಿಯ ನಿಯಮವೇನೆಂದು ಟೆಲಿಕಾಂ ಕಚೇರಿಗೆ ಫೋನ್ ಮಾಡಿ ಕೇಳಿದರೆ ಮುಗಿಯಿತು. ಎರಡು ಸಲ ನಂಬರ್ ಒತ್ತಿದೆ. ಆ ಕಡೆ ರಿಂಗ್ ಆಗುತ್ತಲೇ ಇಟ್ಟುಬಿಟ್ಟೆ. ಕೇಳಿದರೆ ನನ್ನ ನಂಬರ್ ಅಲ್ಲಿ ಉಳಿಯುತ್ತದೆ. ಯಾಕೆ ಕೇಳಿದಳು ಇವಳು ಎಂದು ಯಾರಾದರೂ ಯೋಚಿಸುತ್ತಾರೆ.

"ಹೆದ... ರ್ಬೇಡ," ಎಂದರು ರಾತ್ರಿ ಊಟದ ಹೊತ್ತಿಗೆ. ಹೇಳುವುದು ಸುಲಭ.

೧೪ ಮೇ, ಬುಧವಾರ

ಪಾರ್ಸೆಲ್ ಬಂತು. ಮೇಲ್‌ರೂಮಿನವನು ಡಬ್ಬ ಅಲ್ಲಾಡಿಸಿ "ಏನು ಮೇಡಂ, ಮೊಬೈಲಾ?" ಎಂದು ಕೇಳಿದ. ಮಿಕ್ಸಿಯ ಭಾಗ ಎಂದೆ. ಯಾಕೆ ಮಿಕ್ಸಿ ಎಂದೆನೋ ಗೊತ್ತಿಲ್ಲ. ಇನ್ನು ಅವನು ಕೇಳಿದಾಗಲೆಲ್ಲ ಮಿಕ್ಸಿ ಹೇಗಿದೆ ಎಂದು ಹೇಳಬೇಕು.

೧೬ ಮೇ, ಶುಕ್ರವಾರ

ಕೆಳಗೆ ಮೊಬೈಲ್ ಅಂಗಡಿ ಇಟ್ಟಿರುವ ಭಟ್ಕಳದ ಮೊಹಿಯುದ್ದೀನ್ ಭಾಯ್ ಬಂದು ಸರಿಮಾಡಿಕೊಟ್ಟರು. ಮೊದಲು ಬರೀ ಗರಗರ ಸದ್ದು. ಅಮೆರಿಕದ ರೇಡಿಯೊ ಸ್ಟೇಷನ್ನಿಂದ ಸ್ಟೇಷನ್ನಿಗೆ ಹತ್ತು ಹತ್ತರ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತದಂತೆ, ನಮ್ಮ ಕಡೆಯದು ಒಂಬತ್ತರ ಲೆಕ್ಕದಲ್ಲಿ. ಯಂತ್ರದ ಬೆನ್ನಿಗೆ ಅದಕ್ಕೊಂದು ಸ್ವಿಚ್ ಇತ್ತು, ಅದನ್ನು ಒತ್ತಿ ಖಾಲಿ ಜಾಗವೊಂದನ್ನು ಹುಡುಕಿಕೊಟ್ಟರು. ಆಮೇಲೆ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸಿಸ್ಟರ್, ಇದ್ರ ಮೇಲೆ ಇಲ್ಲಿನ ಅಪ್ರೂವಲ್ ಸ್ಟಿಕ್ಕರ್ ಇಲ್ವಲ್ಲ," ಎಂದರು. ಆಸ್ಪತ್ರೆಯಲ್ಲಿ ಕೆಲಸ ಎಂದಮೇಲೆ ಅವರಿಗೆ ನಾನು ಸಿಸ್ಟರ್.

"ಬೇಕಾ?"

"ಬೇಕು ಅಂತ ಕಾಣ್ತದೆ. ನಾನು ಮಾರೋ ಚಾರ್ಜರಿಗೂ ಕೇಳ್ತಾರೆ." ಇವರ ಮುಖ ನೋಡಿ ಮಾತು ಅಲ್ಲಿಗೇ ನಿಲ್ಲಿಸಿದರು.

ನಾಲ್ಕೂವರೆಗೆ ಹೌಸಿ. ಇವರು ರೂಮಿನ ಬಾಗಿಲು ಹಾಕಿಕೊಂಡರು. ನಾನು ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿದೆ. ಮೊದಲು ಉಸಿರಾಡುವ ಸದ್ದು. ಆಮೇಲೆ "ಹ... ಹನ್... ಹನ್ನೆರಡು." ನಂಬರ್ ನಂಬರಿನ ನಡುವೆ ಅಕ್ಕಿ ತೊಳೆಯುವಷ್ಟು ಹೊತ್ತು. ಒಂದು ಆಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಬೇಸರ ಮಾಡಲಿಲ್ಲವಂತೆ. ಬಿಸ್ಕತ್ತು ಗೆದ್ದದ್ದು ಕ್ಲಾರಾಬಾಯಿ.

ನನಗೆ ಆಟ ತಲೆಗೆ ಹತ್ತಲಿಲ್ಲ. ಪೂರ್ತಿ ಮುಕ್ಕಾಲು ಗಂಟೆ ಕಿಟಕಿಯಲ್ಲಿ ನಿಂತು ಕೆಳಗೆ ಯಾವ ಕಾರು ನಿಲ್ಲುತ್ತದೆಂದು ನೋಡುತ್ತಿದ್ದೆ.

೨೩ ಮೇ, ಶುಕ್ರವಾರ

ಎರಡನೇ ವಾರ. ಇವತ್ತು "ಐವತ್ತು. ಜುಲೈ... ತಿಂಗಳ... ಸೆಖೆ," ಎಂದರು. ಮೇಲಿನ ಮಾಳಿಗೆಯಿಂದ ನಗೆ ನಮ್ಮ ಬಾಲ್ಕನಿಯವರೆಗೂ ಕೇಳಿತು. ಬಿಲ್ಡಿಂಗಿನ ಎಲ್ಲರೂ ಒಂದೇ ಸಲ ಯಾಕೆ ನಕ್ಕರೆಂದು ವಾಚ್‌ಮನ್‌ಗೆ ಅನುಮಾನ ಬಾರದೆ ಇರುತ್ತದೆಯೇ?

೩೦ ಮೇ, ಶುಕ್ರವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಇವತ್ತು ನನಗೆ ಡ್ಯೂಟಿ ಇತ್ತು. ಮುಗಿಸಿ ನಾಲ್ಕೂವರೆ ದಾಟಿದ ಮೇಲೆ ಟ್ಯಾಕ್ಸಿ ಹತ್ತಿದೆ. ಪೇಶಾವರದ ಡ್ರೈವರ್, ವಯಸ್ಸಾದವನು. ನಮ್ಮ ಬಿಲ್ಡಿಂಗಿಗೆ ಇನ್ನೂ ಎರಡು ಸಿಗ್ನಲ್ ಇರುವಾಗ ಅವನು ರೇಡಿಯೊ ತಿರುಗಿಸಿದ. ಗರಗರ ಎಂದಿತು. ಅದರೊಳಗಿಂದ ಸ್ಟೀಫನ್ ಧ್ವನಿ ಬಂತು.

"ನಲವತ್ತೇಳು. ದೇಶ ಸಿಕ್ಕಿತು, ನಲವತ್ತೇಳು."

ಟ್ಯಾಕ್ಸಿಯ ಸೀಟಿನಲ್ಲಿ ನಾನು ಸತ್ತೇಹೋದೆ ಅನಿಸಿತು.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಹಿಂದಿಯಲ್ಲಿ ಹೇಳಿದ: "ಬಹನ್‌ಜೀ, ಈ ಮನುಷ್ಯ ಪ್ರತಿ ಜುಮ್ಮಾ ದಿನ ಹೀಗೇ ಎಣಿಸ್ತಾನೆ. ಯಾವ ಭಾಷೆಯೋ ಗೊತ್ತಿಲ್ಲ, ನಡುನಡುವೆ ಇಂಗ್ಲಿಷ್ ನಂಬರ್ ಬರ್ತದೆ. ನಮ್ಮ ರೂಮಿನ ಹುಡುಗರು ಇದು ಗುಟ್ಟಿನ ಕೋಡ್, ಪೊಲೀಸರಿಗೆ ಹೇಳ್ಬೇಕು ಅಂತಾರೆ."

"ಹೇಳಿದ್ರಾ?" ನನ್ನ ಧ್ವನಿ ನನಗೇ ಕೇಳಲಿಲ್ಲ. ಮತ್ತೆ ಕೇಳಿದೆ.

"ಇನ್ನೂ ಇಲ್ಲ. ಆದರೆ ಪಾಪ, ಮೊದಲ ವಾರ ಕುಡಿದವನ ಹಾಗೆ ಮಾತಾಡ್ತಿದ್ದ. ಈಗ ಪರವಾಗಿಲ್ಲ."

ಸಿಗ್ನಲ್‌ನಲ್ಲೇ ಇಳಿದು ಓಡಿದೆ. ಮಗಳು ಬಾಗಿಲು ತೆಗೆದು "ವಾಟ್ ಹ್ಯಾಪನ್ಡ್?" ಎಂದಳು. ಏನೂ ಇಲ್ಲ ಎಂದೆ. ರೂಮಿನ ಒಳಗೆ ಇವರು ಒಬ್ಬರೇ ನಗುತ್ತಾ ಎಪ್ಪತ್ತೆರಡು ಎನ್ನುತ್ತಿದ್ದರು.

೩೧ ಮೇ, ಶನಿವಾರ

ಮೊಹಿಯುದ್ದೀನ್ ಭಾಯ್ ಅವರನ್ನು ಕರೆಸಿದೆ. ಟ್ಯಾಕ್ಸಿಯ ಕಥೆ ಕೇಳಿ ಅವರು ನೇರ ಬಾಲ್ಕನಿಗೆ ಹೋದರು. ಇವರು ತಂತಿಯನ್ನು ಅಳತೆ ಹಿಡಿದು ಮೂರೇ ಮೀಟರ್ ಇಟ್ಟಿದ್ದರು, ಒಂದು ಇಂಚೂ ಹೆಚ್ಚಿಲ್ಲ. ಅರ್ತಿಂಗ್ ವಯರನ್ನು ಮಾತ್ರ ಬಾಲ್ಕನಿಯ ನೀರಿನ ಪೈಪಿಗೆ ಕಟ್ಟಿದ್ದರು. ಆ ಕಬ್ಬಿಣದ ಪೈಪು ತಾರಸಿಯ ಟ್ಯಾಂಕಿನವರೆಗೆ ಹೋಗುತ್ತದೆ.

"ತಂತಿ ಮೂರು ಮೀಟರೇ, ಸಿಸ್ಟರ್. ಆದರೆ ಈ ಪೈಪೂ ಏರಿಯಲ್ ಆಗಿ ಕೆಲಸ ಮಾಡ್ತಾ ಉಂಟು. ಡಬ್ಬದ ಮೇಲೆ ಬರೆದದ್ದು ಅಮೆರಿಕದ ಲೆಕ್ಕಕ್ಕೂ ಈಗ ನಿಲ್ಲೋದಿಲ್ಲ." ಆಮೇಲೆ ಮೆಲ್ಲಗೆ, "ಯಾರಾದ್ರೂ ಬಂದು ಕೇಳೋಕೆ ಮೊದಲು ನೀವೇ ಹೋಗಿ ಕೇಳೋದು ಒಳ್ಳೇದು. ಇಲ್ಲಿ ಹಾಗೆ ಹೋದವರಿಗೆ ಮರ್ಯಾದೆ ಉಂಟು," ಎಂದರು.

ಹೋಗಿ ಕೇಳುವುದಂತೆ. ಹುಲಿಯ ಹತ್ತಿರ ದಾರಿ ಕೇಳಿದ ಹಾಗೆ.

ಇವರು ಪೈಪಿನಿಂದ ವಯರು ಬಿಚ್ಚಿದರು. "ಈಗ ಸರಿ. ಇನ್ನು ಬಿಲ್ಡಿಂಗಿನೊಳಗೆ ಮಾತ್ರ ಕೇಳ್ತದೆ. ನೀನು ಸುಮ್ಮನೆ ತಲೆ ಬಿಸಿ ಮಾಡ್ತಿ," ಎಂದರು. ತಲೆ ಬಿಸಿಯಾದದ್ದು ಸುಮ್ಮನೆಯಂತೆ. ನನಗೆ ಮೈಯೆಲ್ಲ ಉರಿಯಿತು.

೧ ಜೂನ್, ಭಾನುವಾರ

ಬೆಳಿಗ್ಗೆ ಎರಡು ಬಿಳಿ ಗಾಡಿ ಕೆಳಗೆ ನಿಂತವು. ಯೂನಿಫಾರ್ಮಿನ ನಾಲ್ಕು ಜನ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದರು. ನಾನು ಟ್ರಾನ್ಸ್‌ಮಿಟರನ್ನು ಕಿತ್ತು ಕುಚ್ಚಲಕ್ಕಿಯ ಡಬ್ಬಿಯೊಳಗೆ ಮೊಣಕೈವರೆಗೆ ಇಳಿಸಿ ಹುಗಿದೆ. ಅದರ ಮೇಲೆ ಜಪಸರ ಹಿಡಿದು ಕೂತೆ. ಬಾಗಿಲು ಬಡಿಯುತ್ತಾರೆ, ಈಗ ಬಡಿಯುತ್ತಾರೆ ಎಂದು ಕಾಯ್ದೆ.

ಅವರು ತಾರಸಿಯ ಡಿಶ್ ಆ್ಯಂಟೆನಾ ಎಷ್ಟಿವೆ ಎಂದು ನೋಡಿ ಹೋದರಂತೆ. ಕೆಲಸಕ್ಕೆ ಒಂದು ಗಂಟೆ ತಡವಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ.

೪ ಜೂನ್, ಬುಧವಾರ

ನಿದ್ದೆ ಇಲ್ಲ.

೬ ಜೂನ್, ಶುಕ್ರವಾರ

ಮಾಡಬಾರದ್ದನ್ನು ಮಾಡಿದೆ. ಹೌಸಿಗೆ ಹತ್ತು ನಿಮಿಷ ಮೊದಲು ಇವರು ಮುಖ ತೊಳೆಯಲು ಹೋದಾಗ ಯಂತ್ರದ ಹಿಂಬದಿಯ ತಂತಿ ಕಳಚಿದೆ. ಕೆಂಪು ದೀಪ ಉರಿಯುತ್ತಲೇ ಇತ್ತು. ಇವರು ಬಂದು ಕೂತು, ಎಲ್ಲರಿಗೂ ನಮಸ್ಕಾರ ಹೇಳಿ, ನಂಬರ್ ಮೇಲೆ ನಂಬರ್ ಕೂಗಿದರು. ಯಾರಿಗೂ ಕೇಳುತ್ತಿರಲಿಲ್ಲ. ನಾನು ಬಾಗಿಲ ಹೊರಗೆ ನಿಂತಿದ್ದೆ. ನನ್ನ ಭಯ ಹೋಗಬೇಕಿತ್ತು. ಹೋಗಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ಕ್ಲಾರಾಬಾಯಿ ಖಾಲಿ ಚೀಟಿ ಹಿಡಿದು ಇಳಿದು ಬಂದರು. "ಎಂತ ಆಯ್ತು? ನಾವೆಲ್ಲ ರೇಡಿಯೊ ತಟ್ಟಿ ತಟ್ಟಿ ಸಾಕಾಯ್ತು. ಸ್ಟೀಫನ್‌ಗೆ ಹುಷಾರಿಲ್ವಾ ಅಂತ ಹೆದರಿಕೆ ಆಯ್ತು ನಮಗೆ."

ಇವರು ಹಿಂದೆ ತಿರುಗಿ ತಂತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕ್ಲಾರಾಬಾಯಿ ಅಲ್ಲೇ ನಿಂತಿದ್ದಾರೆ ಎನ್ನುವುದನ್ನೂ ಲೆಕ್ಕಿಸಲಿಲ್ಲ.

"ಒಂದು ಮಾತು ನನ್ನ ಹತ್ರ ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ? ಬೇಡ ಅಂತ ಹೇಳಿದ್ರೆ ನಾನೇ ನಿಲ್ಲಿಸ್ತಿದ್ದೆ. ಗೋಡೆ ಹತ್ರ ಮಾತಾಡಿಸಿದ್ಯಲ್ಲ ನನ್ನನ್ನು, ಅರ್ಧ ಗಂಟೆ. ನಿನಗೆ ಹೆದರಿಕೆ ಅಂತ ನನಗೆ ಗೊತ್ತಿಲ್ವಾ? ನನಗೂ ಹೆದರಿಕೆಯೇ. ಆದರೆ ನಾನು ನಿನ್ನ ತಂತಿ ಯಾವತ್ತಾದರೂ ಕಳಚಿದ್ದೇನಾ?"

ಇಷ್ಟೂ ಮಾತನ್ನು ಮೇಲಿನ ಮನೆಯವರ ಎದುರು ಆಡಿದರು. ನನ್ನ ಮರ್ಯಾದೆ ಹೋಯಿತು. ಹೊರಗೆ ಮೆಟ್ಟಿಲ ಬಳಿ ಕ್ಲಾರಾಬಾಯಿ ನನ್ನ ಕೈ ಹಿಡಿದು ಅತ್ತರು. ನಾನೂ ಅತ್ತೆ. ಅವರು ಯಾಕೆ ಅತ್ತರೋ ನನಗೆ ಅರ್ಥವಾಗಲಿಲ್ಲ.

೮ ಜೂನ್, ಭಾನುವಾರ

ಹೀಗೆ ಇರಲಾಗುವುದಿಲ್ಲ. ಮೊಹಿಯುದ್ದೀನ್ ಭಾಯ್ ಹೇಳಿದಂತೆ ಹೋಗಿ ಕೊಟ್ಟುಬಿಡುತ್ತೇನೆ. ಹೇಳಬೇಕಾದದ್ದನ್ನು ಕನ್ನಡಿಯೆದುರು ನಿಂತು ಕಲಿತಿದ್ದೇನೆ. ತರಿಸಿದೆವು, ನಿಯಮ ಗೊತ್ತಿರಲಿಲ್ಲ, ಒಂದು ಸಲವೂ ಬಳಸಿಲ್ಲ. ಸುಳ್ಳು ಒಂದೇ, ಕೊನೆಯದ್ದು. ಅಷ್ಟು ಸುಳ್ಳಿಲ್ಲದೆ ನಾವು ಉಳಿಯುವುದಿಲ್ಲ.

ಒಬ್ಬಳೇ ಹೋಗುತ್ತೇನೆ ಎಂದೆ. ಇವರೂ ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಿದ್ದಾರೆ.

೧೦ ಜೂನ್, ಮಂಗಳವಾರ

ಮುಗಿಯಿತೋ ಶುರುವಾಯಿತೋ ತಿಳಿಯುತ್ತಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಟೆಲಿಕಾಂ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು ಐವತ್ತು ನಿಮಿಷ ಕಾಯ್ದೆವು. ಟ್ರಾನ್ಸ್‌ಮಿಟರ್ ನನ್ನ ಮಡಿಲಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇತ್ತು. ಅದರಲ್ಲಿ ಇನ್ನೂ ನಾಲ್ಕು ಅಕ್ಕಿಕಾಳು ಉಳಿದಿದ್ದವು. ಕೌಂಟರಿನಲ್ಲಿ ಅಬಾಯಾ ತೊಟ್ಟ ಅರಬ್ ಹುಡುಗಿ, ನಮ್ಮ ಮಗಳಿಗಿಂತ ಎಂಟು ಹತ್ತು ವರ್ಷ ದೊಡ್ಡವಳಿರಬೇಕು. ಇಬ್ಬರ ಎಮಿರೇಟ್ಸ್ ಐಡಿ ಕೇಳಿದಳು. ಕಾರ್ಡುಗಳು ಕೈಬಿಟ್ಟು ಹೋಗುವಾಗ ಇನ್ನು ಅವು ವಾಪಸು ಬರುವುದಿಲ್ಲ ಎಂದೇ ನನಗೆ ಅನಿಸಿತು.

ನಾನು ಕಲಿತದ್ದನ್ನು ಹೇಳಿದೆ. ಅವಳು ಯಂತ್ರವನ್ನು ತಿರುಗಿಸಿ ನೋಡಿದಳು. ಇದಕ್ಕೆ ಇಲ್ಲಿ ಅನುಮತಿ ಇಲ್ಲ, ಎಷ್ಟು ಸಣ್ಣದಾದರೂ ಕೇಳದೆ ಪ್ರಸಾರ ಮಾಡುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಕಣ್ಣೆತ್ತಿ, ಬಳಸಿದ್ದೀರಾ ಎಂದು ಕೇಳಿದಳು.

"ನೋ," ಎಂದೆ.

"ಯೆಸ್," ಎಂದರು ಸ್ಟೀಫನ್. "ಫೋರ್ ಫ್ರೈಡೇಸ್. ದ ಫೋರ್ತ್ ಒನ್, ಮೈ ವೈಫ್ ಪುಲ್ಡ್ ದ ವಯರ್. ಸೋ, ತ್ರೀ."

ಕೌಂಟರಿನ ಅಂಚು ಹಿಡಿದುಕೊಂಡೆ. ಎಲ್ಲ ಹೋಯಿತು, ಮಗಳ ಶಾಲೆ, ಹದಿನಾರು ವರ್ಷದ ಕೆಲಸ, ಎಲ್ಲ.

ಏನು ಪ್ರಸಾರ ಮಾಡಿದಿರಿ ಎಂದು ಕೇಳಿದಳು. ನಂಬರ್ ಎಂದರು ಇವರು. ಅವಳ ಪೆನ್ನು ನಿಂತಿತು. ಆಗ ಇವರು ಶುರು ಮಾಡಿದರು. ಸ್ಟ್ರೋಕ್ ಆದದ್ದು, ಬಾಯಿ ವಾಲಿದ್ದು, ಈಸ್ಟರ್, ಕ್ಲಾರಾಬಾಯಿ, ಟ್ಯಾಂಗ್ ಡಬ್ಬಿ, ಹಣ ಇಲ್ಲದ್ದು, ಮೂರು ಮೀಟರ್, ನೀರಿನ ಪೈಪು. ಕೆಲವು ಮಾತಿಗೆ ತಡವರಿಸಿದರು, ಮತ್ತೆ ಹಿಡಿದು ಮುಂದುವರಿಸಿದರು. ನಾನು ಅವರ ತೋಳು ಚಿವುಟಿದೆ, ನಿಲ್ಲಿಸಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಎಲ್ಲರೂ ಇವರ ಮುಖವನ್ನೇ ನೋಡುತ್ತಿದ್ದರು.

ಅವಳು ಒಳಗೆ ಹೋಗಿ ಒಬ್ಬ ಹಿರಿಯ ಅಧಿಕಾರಿಯನ್ನು ಕರೆತಂದಳು. ಇವರು ಅವರಿಗೂ ಮೊದಲಿನಿಂದ ಹೇಳಿದರು. ಅವರು ಗಡ್ಡ ಸವರಿಕೊಂಡು ಕೊನೆಯವರೆಗೆ ಕೇಳಿದರು. ಆಮೇಲೆ ಒಂದು ಫಾರ್ಮು ಮುಂದಿಟ್ಟರು. ಯಂತ್ರ ಅಲ್ಲೇ ಬಿಡಬೇಕು, ಇನ್ನು ಮುಂದೆ ಕೇಳದೆ ಏನನ್ನೂ ಪ್ರಸಾರ ಮಾಡುವುದಿಲ್ಲ ಎಂದು ಇಬ್ಬರೂ ಸಹಿ ಹಾಕಬೇಕು. ಸಹಿ ಹಾಕಿದೆವು. ಐಡಿ ವಾಪಸು ಕೊಟ್ಟರು. ಹೊರಡುವಾಗ ಅವರು ಇವರಿಗೆ "ಸಲಾಮತಕ್," ಎಂದರು. ಕಾಯಿಲೆಯವರಿಗೆ ಹೇಳುವ ಮಾತು ಅದು, ಬೇಗ ಗುಣವಾಗಲಿ ಎಂದು.

ಆದರೂ ಒಂದು ಫೈಲ್ ನಂಬರ್ ಕೊಟ್ಟಿದ್ದಾರೆ. ಫೈಲ್ ತೆರೆದಮೇಲೆ ಅದು ಎಲ್ಲಾದರೂ ಇದ್ದೇ ಇರುತ್ತದೆ, ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ನಾಳೆ ಫೋನ್ ಬರಬಹುದು. ವೀಸಾ ರಿನ್ಯೂವಲ್‌ಗೆ ಹೋದಾಗ ಕಂಪ್ಯೂಟರಿನಲ್ಲಿ ಹೆಸರು ಬರಬಹುದು. ಟ್ಯಾಕ್ಸಿಯಲ್ಲಿ ಕೂತು ಇದನ್ನೇ ಲೆಕ್ಕ ಹಾಕುತ್ತಿದ್ದೆ.

ಇವರಿಗೆ ಅದ್ಯಾವುದರ ಪರಿವೆಯೂ ಇಲ್ಲ. ಹತ್ತಿದಾಗಿನಿಂದ ಒಂದೇ ಸಮನೆ ಮಾತು. ಡ್ರೈವರಿಗೆ ಬಲಕ್ಕೆ ತಿರುಗಿಸು, ಅಲ್ಲಿ ರೋಡ್ ಬ್ಲಾಕ್ ಉಂಟು ಎಂದರು. ಅವನ ಊರು ಕೇಳಿದರು, ಮಕ್ಕಳೆಷ್ಟು ಕೇಳಿದರು. ನನ್ನ ಕಡೆ ತಿರುಗಿ, "ಈ ಶುಕ್ರವಾರ ನಾನೇ ಮೇಲೆ ಹೋಗಿ ಕೂಗ್ತೇನೆ, ಕ್ಲಾರಾಬಾಯಿಗೆ ಹೇಳು. ಹೋಟೆಲಿಗೆ ನಾಳೆ ಫೋನ್ ಮಾಡ್ತೇನೆ. ಆ ಹುಡುಗಿ ಎಷ್ಟು ಒಳ್ಳೆಯವಳು ಅಲ್ವಾ? ಮೀನಾದ ಮೀನು ಮಾರ್ಕೆಟಿನಲ್ಲಿ ಇಳಿದು ಬಂಗುಡೆ ತಕೊಂಡು ಹೋಗುವಾ," ಎಂದರು. ಮತ್ತೆ ಡ್ರೈವರ್ ಕಡೆ ತಿರುಗಿದರು.

ನನಗೆ ತಡೆಯಲಾಗಲಿಲ್ಲ. "ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಕೂತ್ಕೊಳ್ತೀರಾ?" ಎಂದು ಗದರಿದೆ.

ಕೂರಲಿಲ್ಲ. ಬಂಗುಡೆಗೆ ಹುಳಿ ಎಷ್ಟು ಹಾಕಬೇಕೆಂದು ಮನೆ ಬರುವವರೆಗೂ ಆ ಡ್ರೈವರಿಗೆ ಹೇಳುತ್ತಲೇ ಇದ್ದರು.